ಪುಸ್ತಕದ ಗಂಟು ಹೊತ್ತ ಗಳಗನಾಥರು

ಹೊಸಗನ್ನಡದಲ್ಲಿ ಗ್ರಂಥಗಳನ್ನು ಬರೆದು ಹೆಸರಾದವರು ಅನೇಕರುಂಟು. ಬರೆದುದನ್ನು ಅಚ್ಚು ಹಾಕಿಸಿ, ಅಚ್ಚಾದುದನ್ನು ತಾವೇ ಹೊತ್ತು, ಓದುವವನ ಮನೆಯ ಬಾಗಿಲಿಗೆ ಮುಟ್ಟಿಸಿದವರು ಮಾತ್ರ ವಿರಳ. ಅಂಥವರಲ್ಲಿ ಮೊದಲು ನೆನೆಯಬೇಕಾದವರು ಕೀರ್ತಿಶೇಷ ಗಳಗನಾಥರು. ನಮ್ಮ ಸಂಘದ ವಾರ್ಷಿಕೋತ್ಸವದ ಈ ಶುಭ ಸಂದರ್ಭದಲ್ಲಿ ಅವರ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಲು ನಾವು ಬಯಸುತ್ತೇವೆ.

ಅವರ ನಿಜನಾಮಧೇಯ ವೆಂಕಟೇಶ ತಿರಕೋ ಕುಲಕರ್ಣಿ. 1869ನೆಯ ಇಸವಿ ಜನವರಿ 5ರಂದು ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಹಾವೇರಿ ಜಿಲ್ಲೆಯ ಗಳಗನಾಥ ಗ್ರಾಮದಲ್ಲಿ ಜನಿಸಿದರು. ವರದಾ ನದಿಯು ತುಂಗಭದ್ರೆಯನ್ನು ಕೂಡುವ ಪುಣ್ಯಸ್ಥಳವದು. ಹುಟ್ಟಿದೂರಿನ ಹೆಸರನ್ನೇ ಅವರು ಕಾವ್ಯನಾಮವಾಗಿ ಧರಿಸಿದರು. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಶಿಕ್ಷಣ ಪಡೆದು ಉಪಾಧ್ಯಾಯವೃತ್ತಿಯನ್ನು ಕೈಕೊಂಡರು.

ಅಂದಿನ ಪರಿಸ್ಥಿತಿಯನ್ನು ಗಡಿನಾಡಿನವರಾದ ನಮಗೆ ವಿವರಿಸಿ ಹೇಳಬೇಕಾಗಿಲ್ಲ. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಆ ಸೀಮೆಯಲ್ಲಿ ಮರಾಠಿಯ ಪ್ರಭಾವ ಪ್ರಬಲವಾಗಿತ್ತು. ಮನೆಯಲ್ಲಿ ಕನ್ನಡವಾಡುವವರೂ ಮನರಂಜನೆಗೆಂದು ಮರಾಠಿ ಕಾದಂಬರಿಯನ್ನೇ ತೆರೆಯುತ್ತಿದ್ದರು. ಕನ್ನಡದ ಏಳಿಗೆಗಾಗಿ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪಿತವಾಯಿತು. ಗಳಗನಾಥರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ಗೆ ಆ ಸಂಘದ ಬಹುಮಾನ ಲಭಿಸಿತು. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಅವರು ಕನ್ನಡಕ್ಕೆ ತಂದರು. ವಿಜಯನಗರದ ಉದಯವನ್ನು ‘ಮಾಧವ ಕರುಣಾ ವಿಲಾಸ’ದಲ್ಲಿಯೂ, ಅದರ ಪತನವನ್ನು ‘ಕನ್ನಡಿಗರ ಕರ್ಮಕಥೆ’ಯಲ್ಲಿಯೂ ನಿರೂಪಿಸಿದರು. ಕನ್ನಡಿಗನಿಗೆ ತನ್ನ ಪೂರ್ವಜರ ಕಥೆ ತನ್ನ ನುಡಿಯಲ್ಲಿಯೇ ದೊರೆಯುವಂತಾಯಿತು.

ಆದರೆ ಪುಸ್ತಕವು ಬರೆದ ಮಾತ್ರಕ್ಕೆ ಪುಸ್ತಕವಾಗುವುದಿಲ್ಲ. ಕಾಗದ ಕೊಳ್ಳಬೇಕು; ಅಚ್ಚುಮೊಳೆ ಜೋಡಿಸುವವನಿಗೆ, ಮುದ್ರಿಸುವವನಿಗೆ, ರಟ್ಟು ಕಟ್ಟುವವನಿಗೆ ಕೂಲಿ ಕೊಡಬೇಕು. ಈ ವೆಚ್ಚವೆಲ್ಲ ಮೊದಲೇ ಕೈಬಿಡುತ್ತದೆ. ಓದುಗನ ಹಣವಾದರೋ ಒಂದೊಂದು ಪ್ರತಿಯಾಗಿ, ತಿಂಗಳುಗಟ್ಟಲೆ ಕಾದ ಮೇಲೆ ಬರುತ್ತದೆ. ಮಾರಾಟವಾಗದ ಪ್ರತಿಗಳು ಗೆದ್ದಲಿನ ಪಾಲು. ಈ ಕಷ್ಟಕ್ಕೆ ಗಳಗನಾಥರು ಎರಡು ಪರಿಹಾರಗಳನ್ನು ಕಂಡುಕೊಂಡರು.

ಮೊದಲನೆಯದು ಮಾಸಪತ್ರಿಕೆ. ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯ ಸಂಪಾದಕತ್ವವನ್ನು ಅವರು ವಹಿಸಿದರು, ಮುಂದೆ ‘ಸದ್ಗುರು’ ಎಂಬ ಪತ್ರಿಕೆಯನ್ನೂ ನಡೆಸಿದರು. ಪತ್ರಿಕೆಗೆ ಚಂದಾ ಮುಂಗಡವಾಗಿ ಬರುತ್ತದೆ. ಕಥೆಯು ಕಂತುಕಂತಾಗಿ ಸಾಗುವಾಗ ಮುಂದಿನ ಸಂಚಿಕೆಗಾಗಿ ಓದುಗನು ಕಾಯುತ್ತಾನೆ. ಹೀಗೆ ಓದುವ ಅಭ್ಯಾಸವೇ ಇಲ್ಲದ ಮನೆಗಳಲ್ಲಿ ಆ ಅಭ್ಯಾಸವನ್ನು ಬೆಳೆಸಿದ ಕೀರ್ತಿ ಅವರದು.

ಎರಡನೆಯದು ಅವರ ಕಾಲುಗಳೇ. ಪುಸ್ತಕಗಳ ಗಂಟನ್ನು ಹೊತ್ತು ಗಳಗನಾಥರು ಊರೂರು ತಿರುಗಿದರು. ಸಂಪಾದಕರು, ಕಾದಂಬರಿಕಾರರು ಎಂಬ ಅಭಿಮಾನವನ್ನು ಬದಿಗಿರಿಸಿ, ತಮ್ಮ ಪುಸ್ತಕಕ್ಕೆ ತಾವೇ ವರ್ತಕರಾದರು. ಮಾರುವವನೆಂದರೆ ಹಗುರವಾಗಿ ಕಾಣುವುದು ಲೋಕರೂಢಿ. ಅವರು ಅದನ್ನು ಲೆಕ್ಕಿಸಲಿಲ್ಲ. ಈ ದುಡಿಮೆಯಿಂದ ಐಶ್ವರ್ಯವೂ ಬರಲಿಲ್ಲ. ಬಡತನ ಅವರ ಜೊತೆ ಬಿಡಲಿಲ್ಲ. ಆದರೂ ಬರೆಯುವುದನ್ನಾಗಲಿ, ಹೊರುವುದನ್ನಾಗಲಿ ನಿಲ್ಲಿಸಲಿಲ್ಲ. 1942ನೆಯ ಇಸವಿ ಏಪ್ರಿಲ್ 22ರಂದು ಅವರು ದಿವಂಗತರಾದರು. ಅವರು ಕಣ್ತುಂಬ ಕಾಣಲಾಗದ ಏಕೀಕರಣವು 1956ರಲ್ಲಿ ಕೈಗೂಡಿತು. ಚದುರಿಹೋಗಿದ್ದ ಕನ್ನಡಿಗರು ತಾವೆಲ್ಲ ಒಂದೇ ಜನವೆಂದು ಅದಕ್ಕೂ ಮೊದಲೇ ಭಾವಿಸುವಂತೆ ಮಾಡಿದವುಗಳಲ್ಲಿ ಆ ಗಂಟಿನೊಳಗಿನ ಪುಸ್ತಕಗಳೂ ಸೇರಿವೆ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳುವುದು ಉಚಿತ. ಗಡಿಯಾಚೆಯ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುವ ನಾವು, ಕೆಲವು ವರ್ಷಗಳ ಹಿಂದೆ ಮಕ್ಕಳಿಗಾಗಿ ಪುಟ್ಟದೊಂದು ವ್ಯಾಕರಣದ ಕೈಪಿಡಿಯನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದೆವು. ವಿದ್ವಾನ್ ಎನಿಸಿಕೊಂಡವರು ಪುಸ್ತಕ ಕೊಳ್ಳಿರೆಂದು ಕೇಳುವುದು ಹೇಗೆ ಎಂಬ ಸಂಕೋಚದಿಂದ ಕಟ್ಟುಗಳನ್ನು ಬಿಚ್ಚದೆ, ಕೇಣಿಚಿರದ ಮನೆಯ ಅಟ್ಟದ ಮೇಲೆ ಇರಿಸಿದೆವು. ಎರಡು ಮಳೆಗಾಲ ಕಳೆದು ನೋಡಿದಾಗ ಬಹುಪಾಲು ಪ್ರತಿಗಳು ಬೂಷ್ಟು ಹಿಡಿದಿದ್ದವು. ಉಳಿದ ಕೆಲವನ್ನು ಚೀಲದಲ್ಲಿ ಹಾಕಿಕೊಂಡು ಮನೆಮನೆಗೆ ಹೋದೆವು. ಒಂದು ಮನೆಯಲ್ಲಿ, ಕನ್ನಡವಾಡಬಲ್ಲ ಆದರೆ ಓದಲು ಬಾರದ ಬಾಲಕಿಯೊಬ್ಬಳು ಪುಸ್ತಕವನ್ನು ತೆರೆದು, ಅಕ್ಷರಗಳ ಮೇಲೆ ಬೆರಳಾಡಿಸುತ್ತ, ಇದು ಏನು ಅದು ಏನು ಎಂದು ಕೇಳತೊಡಗಿದಳು. ಗಳಗನಾಥರು ಏಕೆ ನಡೆದರೆಂಬುದು ಆ ದಿನ ನಮಗೆ ಅರ್ಥವಾಯಿತು. ಪುಸ್ತಕವನ್ನು ಅರಸಿಕೊಂಡು ಆ ಮಗು ಬರುತ್ತಿರಲಿಲ್ಲ. ಪುಸ್ತಕವೇ ಅವಳಿದ್ದಲ್ಲಿಗೆ ಹೋಗಬೇಕಾಗಿತ್ತು.

ಇಂದಿಗೂ ನಮ್ಮಲ್ಲಿ ಅನೇಕರು ಕನ್ನಡ ಪುಸ್ತಕವೊಂದು ಬೇಕಾದರೆ, ಮುತ್ತಂಗದ ಕಾಡನ್ನು ದಾಟಿ ಗುಂಡ್ಲುಪೇಟೆಗೋ ಮೈಸೂರಿಗೋ ಹೋಗುವವರಿಗೆ ಹೇಳಿ ಕಳುಹಿಸುತ್ತೇವೆ. ಆದುದರಿಂದ ಸಂಘದ ಸದಸ್ಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಹಾಗೆ ತರಿಸುವಾಗ ಒಂದು ಪ್ರತಿಯನ್ನು ಹೆಚ್ಚಾಗಿ ತರಿಸಿ, ನೆರೆಮನೆಗೆ ತಾವೇ ಒಯ್ದು ಕೊಡಿರಿ. ಕ್ರಯ ಕೇಳಲು ನಾಚದಿರಿ. ಹಣ ಕೊಟ್ಟು ಕೊಂಡವನು ಪುಸ್ತಕವನ್ನು ಒಮ್ಮೆಯಾದರೂ ತೆರೆಯುವನು. ಗಳಗನಾಥರ ಸ್ಮರಣೆಗೆ ನಾವು ಸಲ್ಲಿಸಬಹುದಾದ ಕಾಣಿಕೆ ಇದೇ.