ಸರಳರೇಖೆಗೆ ಸಮೀಕರಣ ಬರೆದ ನ್ಯಾಯಾಧಿಕಾರಿ ಫರ್ಮಾ

ನಕ್ಷಾ ಹಾಳೆಯ ಮೇಲೆ ಎರಡು ಅಕ್ಷಗಳನ್ನೆಳೆದು, ಸರಳರೇಖೆಯ ಇಳಿಜಾರನ್ನೂ ಅದು ಅಕ್ಷವನ್ನು ಕತ್ತರಿಸುವ ಅಂತಃಛೇದವನ್ನೂ ಗುರುತಿಸುವ ಲೆಕ್ಕ ಪ್ರೌಢಶಾಲೆ ದಾಟಿದವರಿಗೆಲ್ಲ ಪರಿಚಿತ. ಈ ಪದ್ಧತಿಗೆ ಫ್ರೆಂಚ್ ತತ್ತ್ವಜ್ಞಾನಿ ರೆನೆ ಡೆಕಾರ್ಟ್ ಅವರ ಹೆಸರು ಅಂಟಿಕೊಂಡಿದೆ. ಆದರೆ ಎರಡು ಅವ್ಯಕ್ತಗಳಿರುವ ಮೊದಲ ಘಾತದ ಸಮೀಕರಣವೆಂದರೆ ಸರಳರೇಖೆಯೇ ಎಂದು ನೇರವಾಗಿ ಹೇಳಿ ಸಾಧಿಸಿದವರು ಅವರ ಸಮಕಾಲೀನ ಪಿಯೆರ್ ದ ಫರ್ಮಾ. ವೃತ್ತಿಯಲ್ಲಿ ನ್ಯಾಯಾಲಯದ ಅಧಿಕಾರಿ. ಗಣಿತ ಅವರಿಗೆ ಬಿಡುವಿನ ವೇಳೆಯ ಹವ್ಯಾಸ.

ದಕ್ಷಿಣ ಫ್ರಾನ್ಸಿನ ಬೋಮೋಂ ಪಟ್ಟಣದ ಶ್ರೀಮಂತ ಚರ್ಮವ್ಯಾಪಾರಿಯೊಬ್ಬರ ಮಗ ಫರ್ಮಾ. ಹುಟ್ಟಿದ ವರ್ಷ 1601 ಎಂದು ಬಹುಕಾಲ ನಂಬಲಾಗಿತ್ತು; 1607 ಎಂಬುದು ಈಚಿನ ವಿದ್ವಾಂಸರ ಒಲವು. ಓರ್ಲಿಯಾನ್ಸ್‌ನಲ್ಲಿ ಕಾನೂನು ಓದಿ, 1631ರಲ್ಲಿ ಟುಲೂಸ್‌ನ ಉಚ್ಚ ನ್ಯಾಯಾಲಯದಲ್ಲಿ ಸಲಹೆಗಾರರ ಹುದ್ದೆ ಪಡೆದರು. ಹೆಸರಿನ ನಡುವಿನ ಗೌರವಸೂಚಕ 'ದ' ಬಂದದ್ದು ಆ ಹುದ್ದೆಯಿಂದಲೇ. ಅದೇ ವರ್ಷ ಮದುವೆಯೂ ಆಯಿತು.

ಅದಕ್ಕೂ ಮುನ್ನ, ಬೋರ್ಡೋ ನಗರದಲ್ಲಿದ್ದಾಗ, ಫ್ರಾಂಸ್ವಾ ವಿಯೆತ್ ಅವರ ಬೀಜಗಣಿತ ಫರ್ಮಾ ಅವರ ಕೈಸೇರಿತ್ತು. ಪ್ರಾಚೀನ ಗ್ರೀಕ್ ಗಣಿತಜ್ಞ ಅಪೊಲೋನಿಯಸ್ ಅವರ ಕಳೆದುಹೋದ ಗ್ರಂಥವೊಂದನ್ನು ಪುನಾರಚಿಸುವ ಕೆಲಸದಲ್ಲಿ ತೊಡಗಿದ್ದ ಅವರಿಗೆ, ಗ್ರೀಕರ ರೇಖೆಗಳನ್ನು ಅಕ್ಷರಗಳ ಸಮೀಕರಣವಾಗಿ ಬರೆಯಬಹುದೆಂದು ಹೊಳೆಯಿತು. ಲ್ಯಾಟಿನ್‌ನಲ್ಲಿ ಬರೆದ ಕಿರುಪ್ರಬಂಧವೊಂದರಲ್ಲಿ ಅದನ್ನು ವಿವರಿಸಿದರು.

ವಾದ ಸರಳವಾಗಿದೆ. ಎರಡು ಅವ್ಯಕ್ತಗಳ ಅನುಪಾತ ಎಂದೂ ಬದಲಾಗದಿದ್ದರೆ, ಅವು ಉಂಟುಮಾಡುವ ತ್ರಿಭುಜಗಳೆಲ್ಲ ಸಮರೂಪ. ಆದ್ದರಿಂದ ಬಿಂದುಗಳೆಲ್ಲ ಮೂಲಬಿಂದುವಿನಿಂದ ಹೊರಟ ಒಂದೇ ಸರಳರೇಖೆಯ ಮೇಲಿರಬೇಕು. ಖಾಲಿ ತೊಟ್ಟಿಗೆ ನಿಮಿಷಕ್ಕೆ 20 ಲೀಟರ್ ನೀರು ಬೀಳುವಂತೆ. ಆ 20 ಎಂಬ ಅನುಪಾತವೇ ಇಂದು ನಾವು ಹೇಳುವ ಇಳಿಜಾರು. ಬಳಿಕ ಅವರು ಸಮೀಕರಣಕ್ಕೆ ಸ್ಥಿರ ಪದವೊಂದನ್ನು ಸೇರಿಸಿ, ಅದರಿಂದ ಮೊದಲ ಅವ್ಯಕ್ತದ ಗುಣಲಬ್ಧವನ್ನು ಕಳೆದರು. ಈಗ 1000 ಲೀಟರ್ ತುಂಬಿದ ತೊಟ್ಟಿ ನಿಮಿಷಕ್ಕೆ 20 ಲೀಟರ್‌ನಂತೆ ಬರಿದಾಗುತ್ತಿದೆ ಎಂದುಕೊಳ್ಳಿ. ರೇಖೆ ಒಂದು ಅಕ್ಷವನ್ನು 1000ದಲ್ಲೂ ಕಾಲದ ಅಕ್ಷವನ್ನು 50ನೇ ನಿಮಿಷದಲ್ಲೂ ಕತ್ತರಿಸುತ್ತದೆ. ಅವೇ ಎರಡು ಅಂತಃಛೇದಗಳು. ಇಳಿಜಾರು ಈಗ ಋಣ 20. ಫರ್ಮಾ ಎರಡನೆಯ ಅಕ್ಷವನ್ನು ಎಳೆಯಲಿಲ್ಲ, ಋಣಸಂಖ್ಯೆಗಳಿಗೂ ಎಡೆಗೊಡಲಿಲ್ಲ. ಪಠ್ಯಪುಸ್ತಕದ ಚಿತ್ರ ಪೂರ್ಣಗೊಂಡದ್ದು ಮುಂದಿನವರಿಂದ.

1637ರ ಜೂನ್‌ನಲ್ಲಿ ಡೆಕಾರ್ಟ್ ಅವರ ಜ್ಯಾಮಿತಿ ಲೈಡನ್‌ನಲ್ಲಿ ಮುದ್ರಣಗೊಂಡಿತು. ಅಷ್ಟರಲ್ಲಾಗಲೇ ಫರ್ಮಾ ಅವರ ಪ್ರಬಂಧ ರೂಪುಗೊಂಡಿತ್ತು. ಡೆಕಾರ್ಟ್ ಕ್ಲಿಷ್ಟ ವಕ್ರರೇಖೆಗಳತ್ತ ಧಾವಿಸಿದರೆ, ಫರ್ಮಾ ಸರಳರೇಖೆಯಿಂದ ಆರಂಭಿಸಿದ್ದರು. ಕಲಿಯುವವನಿಗೆ ಎರಡನೆಯ ದಾರಿಯೇ ಹತ್ತಿರದ್ದು. ಮರುವರ್ಷ ವಕ್ರರೇಖೆಗೆ ಸ್ಪರ್ಶಕ ಎಳೆಯುವ ವಿಧಾನದ ಬಗ್ಗೆ, ಅಂದರೆ ಒಂದು ಬಿಂದುವಿನಲ್ಲಿ ವಕ್ರರೇಖೆಯ ಇಳಿಜಾರಿನ ಬಗ್ಗೆ, ಇಬ್ಬರಿಗೂ ಪತ್ರಗಳಲ್ಲಿ ಕಟುವಾದ ಜಗಳವಾಯಿತು. ಪ್ಯಾರಿಸ್‌ನ ಪಾದ್ರಿ ಮರ್ಸೆನ್ ಮಧ್ಯಸ್ಥರು. ಫರ್ಮಾ ಅವರ ವಿಧಾನ ಸರಿಯೆಂದು ಡೆಕಾರ್ಟ್ ಕಡೆಗೆ ಒಪ್ಪಬೇಕಾಯಿತು. ನ್ಯೂಟನ್ ಅವರ ಕಲನಶಾಸ್ತ್ರಕ್ಕೂ ಅದೇ ವಿಧಾನದಿಂದ ಸುಳಿವು ದೊರೆಯಿತು.

ಆದರೂ ಫರ್ಮಾ ತಮ್ಮ ಬರಹವನ್ನು ಅಚ್ಚಿಗೆ ಕೊಡಲಿಲ್ಲ. ಗೆಳೆಯರು ಒತ್ತಾಯಿಸಿದರೂ ತಿದ್ದಿ ತೀಡುವ ಶ್ರಮಕ್ಕೆ ಮನಸ್ಸಾಗಲಿಲ್ಲ. ಪುಸ್ತಕದ ಅಂಚಿನಲ್ಲಿ ಸಾಧನೆಯಿಲ್ಲದೆ ಬರೆದಿಟ್ಟ ಟಿಪ್ಪಣಿಯೊಂದು, 1995ರಲ್ಲಿ ಆಂಡ್ರ್ಯೂ ವೈಲ್ಸ್ ಅವರ ಸಾಧನೆ ಪ್ರಕಟವಾಗುವವರೆಗೂ ಜಗತ್ತನ್ನು ಕಾಡಿತು. ಆ ಟಿಪ್ಪಣಿಯ ಖ್ಯಾತಿ ಈ ಕಿರುಪ್ರಬಂಧವನ್ನು ಮರೆಮಾಡಿದೆ ಎನ್ನದೆ ವಿಧಿಯಿಲ್ಲ.

1650ರ ದಶಕದ ಆರಂಭದಲ್ಲಿ ಪ್ಲೇಗ್ ತಗುಲಿದಾಗ ಅವರು ಸತ್ತರೆಂದೇ ಸುದ್ದಿ ಹಬ್ಬಿತ್ತು, ಬದುಕುಳಿದರು. 1654ರಲ್ಲಿ ಪಾಸ್ಕಲ್ ಅವರೊಡನೆ ಪತ್ರ ಬರೆದುಕೊಂಡು ಸಂಭವನೀಯತಾ ಶಾಸ್ತ್ರಕ್ಕೆ ಬುನಾದಿ ಹಾಕಿದರು. 1665ರ ಜನವರಿ 12ರಂದು ಕಾಸ್ತ್ರ್ ಪಟ್ಟಣದಲ್ಲಿ ನಿಧನರಾದರು. ಮಗ ಸ್ಯಾಮ್ಯುಯೆಲ್ ತಂದೆಯ ಕಾಗದಗಳನ್ನು ಕಲೆಹಾಕಿ, ಸರಳರೇಖೆಯ ಆ ಪ್ರಬಂಧವನ್ನು ಅಚ್ಚು ಹಾಕಿಸಿದ್ದು 1679ರಲ್ಲಿ. ಅಷ್ಟರೊಳಗೆ ಡೆಕಾರ್ಟ್ ಅವರ ಗ್ರಂಥ ಲ್ಯಾಟಿನ್‌ಗೆ ಅನುವಾದಗೊಂಡು, ವ್ಯಾಖ್ಯಾನಗಳ ಸಹಿತ ಯೂರೋಪಿನ ವಿದ್ವಾಂಸರ ಮೇಜುಗಳ ಮೇಲಿತ್ತು.