ಮೂಡಿಗೆರೆಯ ಕಾಫಿ ಬೆಳೆಗಾರ ತೇಜಸ್ವಿ

ದೇವರಮನೆಗೆ ಟ್ರೆಕ್ಕಿಂಗ್ ಹೋಗದ ಗ್ಯಾಂಗ್ ನಮ್ಮ ಕ್ಯಾಂಪಸ್‌ನಲ್ಲಿ ಕಡಿಮೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಕಾಲಭೈರವೇಶ್ವರ ದೇವಸ್ಥಾನದ ಹತ್ತಿರ ಬೈಕ್ ನಿಲ್ಲಿಸಿ, ಗುಡ್ಡದ ಮೇಲೆ ನಾಲ್ಕು ರೀಲ್ಸ್ ಮಾಡಿ ವಾಪಸ್. ಅದೇ ಕೊಟ್ಟಿಗೆಹಾರದಲ್ಲಿ ಪೂರ್ಣಚಂದ್ರ ತೇಜಸ್ವಿ ಅವರ ಹೆಸರಿನ ಪ್ರತಿಷ್ಠಾನ ಇದೆ. ಸೆಕೆಂಡ್ ಪಿಯುಸಿಯಲ್ಲಿ ‘ಕೃಷ್ಣೇಗೌಡನ ಆನೆ’ ಓದಿದವರಿಗೆ ಅವರು ಕಥೆ ಬರೆಯುವವರಾಗಿ ಗೊತ್ತು. ಆದರೆ ಅವರ ಮನೆ ನಡೆದದ್ದು ಕಾಫಿಯಿಂದ. ಈ ಲೇಖನ ಆ ಬೆಳೆಗಾರನ ಬಗ್ಗೆ.

ಹುಟ್ಟಿದ್ದು 1938ರ ಸೆಪ್ಟೆಂಬರ್ 8. ಅಪ್ಪ ಕುವೆಂಪು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಎಂಎ ಮಾಡಿದರು. ಅಪ್ಪ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದವರು, ಮಗನ ಕೈಯಲ್ಲಿ ಎಂಎ ಡಿಗ್ರಿ. ಲೆಕ್ಚರರ್ ಆಗಿ ಆರಾಮಾಗಿ ಇರಬಹುದಿತ್ತು. (ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಕೂತು ಇದನ್ನ ಓದ್ತಾ ಇರೋರು ಒಂದು ಕ್ಷಣ ಯೋಚನೆ ಮಾಡಿ.) ಅದನ್ನೆಲ್ಲ ಬಿಟ್ಟು ಅವರು ಮೂಡಿಗೆರೆ ಕಡೆ ಬಂದು ತೋಟ ಮಾಡಿದರು. ಮೊದಲು ‘ಚಿತ್ರಕೂಟ’, ಆಮೇಲೆ ‘ನಿರುತ್ತರ’. 1966ರಲ್ಲಿ ರಾಜೇಶ್ವರಿ ಅವರನ್ನು ಮದುವೆಯಾದರು.

ಮಲೆನಾಡಿನ ಕೃಷಿ ಫೋಟೋದಲ್ಲಿ ಕಾಣುವಷ್ಟು ಚಂದ ಅಲ್ಲ. ಹೂಮಳೆ ತಪ್ಪಿದರೆ ಫಸಲಿಲ್ಲ, ಮುಂಗಾರು ಜಾಸ್ತಿಯಾದರೆ ಕೊಳೆರೋಗ, ಹಣ್ಣು ಕೊಯ್ಯುವ ಹೊತ್ತಿಗೆ ಆಳು ಸಿಗಲ್ಲ. 1980ರಲ್ಲಿ ಬಂದ ‘ಕರ್ವಾಲೋ’ವನ್ನು ಎಲ್ಲರೂ ಹಾರುವ ಓತಿಯ ಕಥೆ ಅಂತಾರೆ. ಆದರೆ ಅದರ ಶುರುವಿನಲ್ಲಿ ಇರೋದು ಬೇಸಾಯದಲ್ಲಿ ಸೋತು, ಜಮೀನು ಮಾರಿಬಿಡೋಣ ಅನ್ನುವವರೆಗೆ ಬಂದಿರುವ ಒಬ್ಬ ರೈತ. ಆ ಬೇಜಾರು ತೇಜಸ್ವಿಗೆ ಹೊರಗಿನಿಂದ ಕಂಡದ್ದಲ್ಲ ಅಂತ ನನಗೆ ಅನಿಸುತ್ತೆ.

ಬೆಳೆ ಕೈಗೆ ಬಂದಮೇಲೂ ಇನ್ನೊಂದು ಕಷ್ಟ ಇತ್ತು. ಅದು ನಮ್ಮ ತಲೆಮಾರಿಗೆ ನಂಬೋಕೇ ಆಗಲ್ಲ. ತನ್ನ ಕಾಫಿಯನ್ನು ತನಗೆ ಬೇಕಾದವರಿಗೆ ಮಾರುವ ಹಕ್ಕು ಬೆಳೆಗಾರನಿಗೆ ಇರಲಿಲ್ಲ! ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ಕಾಫಿ ಕೇಳುವವರೇ ಇಲ್ಲದಾಗ ಸರ್ಕಾರ ಕಾಫಿ ಬೋರ್ಡ್ ಮೂಲಕ ಬೆಳೆಗಾರರನ್ನು ಕಾಪಾಡಲು ಹೊರಟಿತು. 1942ರ ಕಾಯ್ದೆ ಬಂದದ್ದು ಹಾಗೆ. ಮನೆ ಖರ್ಚಿಗೆ, ಬೀಜಕ್ಕೆ ಒಂದಿಷ್ಟು ಬಿಟ್ಟು ಉಳಿದದ್ದೆಲ್ಲ ಬೋರ್ಡಿನ ಪೂಲ್‌ಗೆ ಹಾಕಬೇಕು. ಹಾಕಿದಾಗ ಒಂದಿಷ್ಟು ಮುಂಗಡ, ಆಮೇಲೆ ಬೋರ್ಡ್ ಮಾರಿದ ಹಾಗೆಲ್ಲ ಕಂತು ಕಂತಾಗಿ ದುಡ್ಡು. ಪೂರ್ತಿ ಲೆಕ್ಕ ಚುಕ್ತಾ ಆಗುವಷ್ಟರಲ್ಲಿ ಮುಂದಿನ ಕೊಯ್ಲೇ ಬಂದಿರ್ತಿತ್ತು. ಹೊರಗೆ ಮಾರಿದರೆ ಅಪರಾಧ. ಯುದ್ಧ ಮುಗಿದು ನಲವತ್ತು ವರ್ಷ ಆದರೂ ಇದೇ ಪದ್ಧತಿ. ದೊಡ್ಡ ಎಸ್ಟೇಟಿನವರು ಹೇಗೋ ಕಾಯ್ತಾರೆ. ಎರಡು ಮೂರು ಎಕರೆಯವನು ಆಳಿಗೆ ಸಂಬಳ, ಮಕ್ಕಳ ಫೀಸು ಎಲ್ಲಿಂದ ತರಬೇಕು? ಕಾಫಿ ಬೆಳೆಯುವವರಲ್ಲಿ ಬಹುಪಾಲು ಇಂಥ ಸಣ್ಣವರೇ.

ತೇಜಸ್ವಿ ಲೋಹಿಯಾ ಸಮಾಜವಾದದ ಗಾಳಿಯಲ್ಲಿ ಬೆಳೆದವರು, ರೈತಸಂಘದ ಆರಂಭದ ದಿನಗಳಲ್ಲಿ ಅದರ ಜೊತೆ ಇದ್ದವರು. ಮುಕ್ತ ಮಾರುಕಟ್ಟೆ ಬೇಕು ಅಂತ ಬೆಳೆಗಾರರು ಎದ್ದಾಗ ಅವರ ಜೊತೆ ನಿಂತರು. 1992ರಲ್ಲಿ ಬೆಳೆಯ ಶೇ. 30ನ್ನು ದೇಶದೊಳಗೆ ಸ್ವಂತವಾಗಿ ಮಾರಲು ಬಿಟ್ಟರು. 1993ರಲ್ಲಿ ಅದು ಶೇ. 50 ಆಯಿತು. 1995ರಲ್ಲಿ ಸಣ್ಣ ಬೆಳೆಗಾರರಿಗೆ, 1996ರಲ್ಲಿ ಎಲ್ಲರಿಗೂ ಪೂರ್ತಿ ಸ್ವಾತಂತ್ರ್ಯ ಸಿಕ್ಕಿತು. ಇದರ ಮಧ್ಯೆ, 1994ರಲ್ಲಿ ‘ಜುಗಾರಿ ಕ್ರಾಸ್’ ಬಂತು. ಅದು ಏಲಕ್ಕಿಯ ಕಥೆ. ಸುರೇಶ, ಗೌರಿ ಅನ್ನೋ ಗಂಡ ಹೆಂಡತಿ ಏಲಕ್ಕಿ ಮಾರಿ ದುಡ್ಡು ತಗೊಂಡು ಹೊರಟರೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಏನೇನೆಲ್ಲ ಆಗುತ್ತೆ! ಥ್ರಿಲ್ಲರ್ ಥರ ಓದಿಸಿಕೊಂಡು ಹೋಗುತ್ತೆ. ಬೆಳೆ ಮಾರೋದು ಎಷ್ಟು ಅಪಾಯದ ಕೆಲಸ ಅಂತ ಅದಕ್ಕಿಂತ ಚೆನ್ನಾಗಿ ಹೇಳಿರುವ ಎಕನಾಮಿಕ್ಸ್ ಪುಸ್ತಕ ನಾನಂತೂ ನೋಡಿಲ್ಲ.

ಇಷ್ಟೆಲ್ಲದರ ನಡುವೆ ಒಬ್ಬ ಮನುಷ್ಯ ಹಕ್ಕಿ, ಮೀನು, ಜೇನು, ಕೀಟ, ಕ್ಯಾಮೆರಾ, ಕಂಪ್ಯೂಟರ್ ಎಲ್ಲ ಹೇಗೆ ಕಲಿತ? ನನ್ನ ಉತ್ತರ: ಕಾಲಿನಿಂದ. ಕುವೆಂಪು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ತಪ್ಪಿಸಿದವರಲ್ಲ. ಮಗ ಏರಿ ಬಿಟ್ಟು ಕಾಡಿಗೇ ನುಗ್ಗಿದರು. ನಾಯಿ ಕಿವಿಯನ್ನು ಕರ್ಕೊಂಡು ಸುತ್ತೋದು, ಗಾಳ ಹಾಕಿ ಹೊಳೆದಂಡೆಯಲ್ಲಿ ಕೂರೋದು, ಒಂದು ಹಕ್ಕಿ ಫೋಟೋಗೆ ಗಂಟೆಗಟ್ಟಲೆ ಕಾಯೋದು. ‘ಪರಿಸರದ ಕಥೆ’ ಹುಟ್ಟಿದ್ದು ಈ ಅಲೆದಾಟದಲ್ಲಿ. ಇದಕ್ಕೆ ಈಗ ವಿಜ್ಞಾನದ ಬೆಂಬಲವೂ ಇದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 120 ಹಿರಿಯರನ್ನು ಎರಡು ಗುಂಪು ಮಾಡಿದ್ದರು. ಒಂದು ವರ್ಷ, ವಾರಕ್ಕೆ ಮೂರು ದಿನ ಚುರುಕಾಗಿ ನಡೆದವರ ಮೆದುಳಿನಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗ ಸುಮಾರು ಶೇ. 2 ಬೆಳೆದಿತ್ತು. ಬರೀ ಸ್ಟ್ರೆಚಿಂಗ್ ಮಾಡಿದವರಲ್ಲಿ ಅದು ಕುಗ್ಗಿತ್ತು. ಹಾಸ್ಟೆಲ್ ರೂಮಿನಲ್ಲಿ ಮಲಗಿಕೊಂಡೇ ಇಂಟರ್ನಲ್ಸ್‌ಗೆ ಓದುವ ನಾವು ಸ್ವಲ್ಪ ಎದ್ದು ಓಡಾಡಬಹುದು. ಆದರೆ ತೇಜಸ್ವಿ ಫಿಟ್‌ನೆಸ್‌ಗೆ ಅಂತ ನಡೆದವರಲ್ಲ. ಗಿಡದ ಹಿಂದೆ ಏನಿದೆ ಅಂತ ನೋಡೋಕೆ ನಡೆದರು.

ಕಂಪ್ಯೂಟರ್ ಅಂದೆನಲ್ಲ. ಕೊನೆಯ ವರ್ಷಗಳಲ್ಲಿ ಅವರು ಕನ್ನಡ ತಂತ್ರಾಂಶದ ಹಿಂದೆ ಬಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದಲ್ಲಿ ಅವರ ಒತ್ತಾಸೆ ದೊಡ್ಡದು.

ಮುಕ್ತ ಮಾರುಕಟ್ಟೆಯಿಂದ ಎಲ್ಲ ಸರಿಹೋಯಿತಾ ಅಂದರೆ, ಇಲ್ಲ. 2000ದ ಆಸುಪಾಸಿನಲ್ಲಿ ಪ್ರಪಂಚದಾದ್ಯಂತ ಕಾಫಿ ರೇಟು ನೆಲ ಕಚ್ಚಿತು. ಆಗ ತಡೆಯೋಕೆ ಪೂಲ್ ಇರಲಿಲ್ಲ. ನಷ್ಟವೂ ಬೆಳೆಗಾರನದ್ದೇ ಆಯಿತು. ಇವತ್ತು ಅರೇಬಿಕಾಕ್ಕೆ ನ್ಯೂಯಾರ್ಕ್, ರೊಬಸ್ಟಾಕ್ಕೆ ಲಂಡನ್ ರೇಟು ಮೊಬೈಲಲ್ಲಿ ನೋಡಿಕೊಂಡು, ಚೀಲ ಈಗ ಕೊಡಲಾ, ಇನ್ನೊಂದು ತಿಂಗಳು ಕಾಯಲಾ ಅಂತ ಮೂಡಿಗೆರೆ, ಕಳಸದ ಬೆಳೆಗಾರರು ಲೆಕ್ಕ ಹಾಕ್ತಾರೆ. ಹಾಗಂತ ಹಳೇ ಪದ್ಧತಿ ವಾಪಸ್ ಬರಲಿ ಅಂತ ನಾನು ಹೇಳಲ್ಲ. ಆ ಲೆಕ್ಕ ತಪ್ಪಾದರೂ ಅವರದ್ದೇ.

2007ರ ಏಪ್ರಿಲ್ 5ರಂದು ತೇಜಸ್ವಿ ಮೂಡಿಗೆರೆಯ ‘ನಿರುತ್ತರ’ದಲ್ಲೇ ತೀರಿಕೊಂಡರು. ಅವರಿಗೆ 68 ವರ್ಷ. ನಮ್ಮಲ್ಲಿ ಎಷ್ಟೋ ಜನ ಆಗಿನ್ನೂ ತೊಟ್ಟಿಲಲ್ಲಿದ್ದೆವು.