ಸರ್ ವಾಲ್ಟರ್ ಎಲಿಯಟ್ (1803–1887)

ಧಾರವಾಡ ಸೀಮೆಯಲ್ಲಿ ಕಂದಾಯ ಆಡಳಿತದ ಕೆಲಸಕ್ಕೆ ಬಂದ ಬ್ರಿಟಿಷ್ ಅಧಿಕಾರಿಗಳು ಹಲವರು. ಅವರಲ್ಲಿ ಈ ನೆಲದ ಪ್ರಾಣಿ, ಬೆಳೆ, ಶಾಸನ ಮತ್ತು ಜನರ ಆಡುಮಾತು ಇವೆಲ್ಲವನ್ನೂ ಒಂದೇ ಶ್ರದ್ಧೆಯಿಂದ ದಾಖಲಿಸಿದವರು ವಿರಳ. ಅಂತಹ ವಿರಳರ ಪೈಕಿ ಸರ್ ವಾಲ್ಟರ್ ಎಲಿಯಟ್ ಪ್ರಮುಖರಾಗಿರುತ್ತಾರೆ. ಶಾಸನ ಸಂಗ್ರಾಹಕರೆಂದು ಅವರ ಹೆಸರು ಇತಿಹಾಸಾಸಕ್ತರಿಗೆ ಪರಿಚಿತ. ಆದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಎರೆಹೊಲಗಳಂತಹ ಭೂಮಿಯಲ್ಲಿ ಇಲಿಗಳಿಂದ ಆಗುವ ಬೆಳೆಹಾನಿಯ ಕುರಿತು ಅವರು ಬರೆದಿಟ್ಟ ವಿವರ ಅಷ್ಟಾಗಿ ತಿಳಿದಿಲ್ಲ. ಮುಂದೆ ಪೂರ್ವ ಕರಾವಳಿಯಲ್ಲಿ ಅವರು ಕೈಗೊಂಡ ಆರ್ಥಿಕ ಹಾಗೂ ಜೀವಶಾಸ್ತ್ರೀಯ ಅಧ್ಯಯನಗಳಿಗೂ ಧಾರವಾಡದ ಈ ಅನುಭವವೇ ತಳಹದಿಯಾಯಿತೆನ್ನಬಹುದು.

ಎಲಿಯಟ್ ಅವರು 1803ರ ಜನವರಿ 16ರಂದು ಸ್ಕಾಟ್ಲೆಂಡ್‌ನ ಎಡಿನ್‌ಬರೊದಲ್ಲಿ ಜನಿಸಿದರು. ತಂದೆ ವೂಲ್ಫ್‌ಲೀ ಎಂಬ ಗ್ರಾಮೀಣ ಎಸ್ಟೇಟಿನ ಒಡೆಯರಾದ ಜೇಮ್ಸ್ ಎಲಿಯಟ್. ಹೇಲಿಬರಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿ, 1821ರಲ್ಲಿ ಮದರಾಸು ಸಿವಿಲ್ ಸೇವೆಗೆ ಸೇರಿದರು. ಸೇಲಂನಲ್ಲಿ ಅಲ್ಪಕಾಲ ಕೆಲಸ ಮಾಡಿದ ತರುವಾಯ ಅವರನ್ನು ಅಂದು ದಕ್ಷಿಣ ಮರಾಠಾ ಸೀಮೆ ಎಂದು ಕರೆಯಲಾಗುತ್ತಿದ್ದ ಪ್ರದೇಶಕ್ಕೆ, ಧಾರವಾಡದ ಕಲೆಕ್ಟರ್ ಹಾಗೂ ಪೊಲಿಟಿಕಲ್ ಏಜೆಂಟರ ಸಹಾಯಕರನ್ನಾಗಿ ನಿಯೋಜಿಸಲಾಯಿತು. ಆ ಹೆಸರು ಮರಾಠಾ ಆಳ್ವಿಕೆಯಿಂದ ಬಂದದ್ದು. ಜನರ ಭಾಷೆ ಕನ್ನಡವೇ ಆಗಿತ್ತು.

ಈ ಸೀಮೆ ಪೇಶ್ವೆಯವರ ಆಡಳಿತದಿಂದ ಕಂಪನಿಯ ಕೈಗೆ ಬಂದು ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. 1817ರ ಕೊನೆ ಮತ್ತು 1818ರಲ್ಲಿ ಥಾಮಸ್ ಮನ್ರೊ ಅವರು ನವಲಗುಂದವೂ ಸೇರಿದಂತೆ ಹಲವು ಸ್ಥಳಗಳನ್ನು ವಶಪಡಿಸಿಕೊಂಡು ಆಡಳಿತ ವ್ಯವಸ್ಥೆಗೆ ತಳಹದಿ ಹಾಕಿದ್ದರು. ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಜಮೀನಿನ ಕ್ರಮಬದ್ಧ ಸರ್ವೆಯಾಗಲಿ, ಇಂದಿನ ಮಾದರಿಯ ಹಕ್ಕುಪತ್ರಗಳಾಗಲಿ ಇರಲಿಲ್ಲ. ರೈತನು ಏನು ಬಿತ್ತಿದ, ಎಷ್ಟು ಬೆಳೆದ, ಎಷ್ಟು ಕೊಡಬಲ್ಲ ಎಂಬುದನ್ನು ಅಧಿಕಾರಿಯು ಹಳ್ಳಿಯಿಂದ ಹಳ್ಳಿಗೆ ತಿರುಗಿಯೇ ತಿಳಿಯಬೇಕಾಗಿತ್ತು.

1824ರಲ್ಲಿ ಕಿತ್ತೂರು ಸಂಸ್ಥಾನದ ದೇಸಾಯಿಯವರು ನಿಧನರಾದಾಗ, ದತ್ತಕವನ್ನು ಮಾನ್ಯ ಮಾಡಲು ಕಲೆಕ್ಟರ್ ಥ್ಯಾಕರೆ ಅವರು ನಿರಾಕರಿಸಿದರು. ಆ ವರ್ಷದ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ನಡೆದ ಕಾಳಗದಲ್ಲಿ ಥ್ಯಾಕರೆ ಹತರಾದರು. ರಾಣಿ ಚೆನ್ನಮ್ಮನವರ ಪಡೆಗೆ ಸೆರೆಸಿಕ್ಕ ಇಬ್ಬರು ಸಹಾಯಕರಲ್ಲಿ 21 ವರ್ಷದ ಎಲಿಯಟ್ ಒಬ್ಬರು, ಮತ್ತೊಬ್ಬರು ಸ್ಟೀವನ್‌ಸನ್. ಸುಮಾರು ಆರು ವಾರಗಳ ಸೆರೆಯ ನಂತರ ಡಿಸೆಂಬರ್ ಆರಂಭದಲ್ಲಿ ಅವರಿಗೆ ಬಿಡುಗಡೆ ದೊರೆಯಿತು. ಇಂತಹ ಘಟನೆಯ ಬಳಿಕ ಬೇರೊಂದು ಜಿಲ್ಲೆಗೆ ವರ್ಗಾವಣೆ ಬಯಸುವುದು ಸಹಜ. ಎಲಿಯಟ್ ಇದೇ ಸೀಮೆಯಲ್ಲಿ ಇನ್ನೂ ಒಂಬತ್ತು ವರ್ಷ ಉಳಿದರು. 1830ರಲ್ಲಿ ಈ ಪ್ರದೇಶವನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದಾಗಲೂ ಅವರು ಇಲ್ಲಿಂದ ಕದಲಲಿಲ್ಲ.

ಅವರ ಈ ವಾಸ್ತವ್ಯದ ಮುಖ್ಯ ಫಲವೆಂದರೆ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿ. ಇದು 1839ರಲ್ಲಿ ಮದರಾಸಿನ ಸಾಹಿತ್ಯ ಮತ್ತು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಲಘಟಗಿಯ ಪಶ್ಚಿಮಕ್ಕೆ ಆರಂಭವಾಗುವಂತಹ ಕಾಡಿನ ಪ್ರಾಣಿಗಳಿಂದ ಹಿಡಿದು ಬಯಲಿನ ಚಿಗರಿ, ತೋಳ, ನರಿಗಳವರೆಗೆ ಇದರಲ್ಲಿ ವಿವರಗಳಿವೆ. ತೋಳಗಳ ಒಂದು ಗುಂಪು ಚಿಂಕಾರಗಳನ್ನು ಅಟ್ಟಿಕೊಂಡು ಬರುವಾಗ, ಹಳ್ಳದೊಳಗೆ ಇನ್ನೆರಡು ತೋಳಗಳು ಹೊಂಚು ಹಾಕಿ ಕುಳಿತಿದ್ದ ಪ್ರಸಂಗವನ್ನೂ ಅವರು ದಾಖಲಿಸಿದ್ದಾರೆ. ಪ್ರಾಣಿಗಳ ಲ್ಯಾಟಿನ್ ಹೆಸರಿನ ಜೊತೆಯಲ್ಲಿ ಕನ್ನಡ ಮತ್ತಿತರ ಆಡುಮಾತಿನ ಹೆಸರುಗಳನ್ನು ಕೊಟ್ಟಿರುವುದು ಈ ಪಟ್ಟಿಯ ವಿಶೇಷ. ಆ ಹೆಸರುಗಳನ್ನು ಹೇಳಿಕೊಟ್ಟ ಬೇಟೆಗಾರರ, ಒಕ್ಕಲಿಗರ ಹೆಸರುಗಳು ಮಾತ್ರ ಪ್ರಸಿದ್ಧಿಗೆ ಬರಲಿಲ್ಲ. ಇದೊಂದು ಕೊರತೆಯೇ ಸರಿ.

ಪಟ್ಟಿಯಲ್ಲಿ ಹುಲಿ, ಕಾಡುಕೋಣಗಳಿಗಿಂತ ಇಲಿಗಳ ಭಾಗವೇ ಇಂದಿಗೂ ಹೆಚ್ಚು ಉಪಯುಕ್ತವೆನಿಸುತ್ತದೆ. ಎಲಿಯಟ್ ಅವರು ಹೊಲಗಳಲ್ಲಿ ವಾಸಿಸುವ ಹಲವು ಬಗೆಯ ಇಲಿಗಳನ್ನು ಬೇರ್ಪಡಿಸಿ ಗುರುತಿಸಿದರು. ಅವರಿಂದ ಬಂದ ಮಾದರಿಗಳನ್ನು ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದ ಜಾನ್ ಎಡ್ವರ್ಡ್ ಗ್ರೇ ಅವರು 1837ರಲ್ಲಿ ಹೊಸ ಜಾತಿಗಳೆಂದು ಹೆಸರಿಸಿದರು. ಪೊದೆಗಳಲ್ಲಿ ವಾಸಿಸುವ ಗುಳಂದಿ ಎಂಬ ಇಲಿಗೆ ಗೊಲುಂಡ ಎಲಿಯೋಟಿ ಎಂದು ಹೆಸರಾಯಿತು. ಇಲ್ಲಿನ ಆಡುಮಾತು ಮತ್ತು ಅಧಿಕಾರಿಯ ಹೆಸರು ಎರಡೂ ಹೀಗೆ ಒಂದೇ ಪ್ರಾಣಿಯ ಹೆಸರಿನಲ್ಲಿ ಸೇರಿಕೊಂಡವು. ಬಿಲದಲ್ಲಿ ಧಾನ್ಯ ಕೂಡಿಡುವ ಹೆಗ್ಗಣದ ಜಾತಿಗೆ ಕೊಕ್ ಎಂಬ ಸ್ಥಳೀಯ ಹೆಸರನ್ನೇ ಇಡಲಾಯಿತು. ಮೆತ್ತನೆಯ ಕೂದಲಿನ ಹೊಲದ ಇಲಿಯೊಂದನ್ನು ವಡ್ಡರ ಸಮುದಾಯದವರು ಮೆಟ್ಟಡೆ ಎಂದು ಕರೆಯುತ್ತಿದ್ದರು. ಅದು ಲಂಡನ್ ತಲುಪುವಷ್ಟರಲ್ಲಿ ಮೆಲ್ಟಾಡ ಎಂದಾಯಿತು. ಇಂದು ಅದರ ಪೂರ್ಣ ಹೆಸರು ಮಿಲ್ಲಾರ್ಡಿಯ ಮೆಲ್ಟಾಡ.

ಈ ಮೆಟ್ಟಡೆಯ ವಿಷಯದಲ್ಲಿ ಎಲಿಯಟ್ ನೀಡಿರುವ ವಿವರವು ಗಮನಾರ್ಹವಾದುದು. ಈ ಇಲಿ ಉಳುಮೆ ಭೂಮಿಯಲ್ಲೇ ಜೋಡಿಯಾಗಿ ಅಥವಾ ಐದಾರರ ಸಣ್ಣ ಗುಂಪಾಗಿ ಇರುತ್ತದೆ. ಆಳವಾದ ಬಿಲ ತೋಡುವ ಗೋಜಿಗೆ ಹೋಗುವುದಿಲ್ಲ. ಪೊದೆಯ ಬುಡ, ಹೊಲದ ಕಲ್ಲುಗುಂಪೆ, ಹೆಗ್ಗಣ ಬಿಟ್ಟುಹೋದ ಬಿಲ ಇವುಗಳಲ್ಲಿ ಯಾವುದಾದರೂ ಅದಕ್ಕೆ ಸಾಕು. ಬೇಸಿಗೆಯಲ್ಲಿ ಎರೆಮಣ್ಣು ಬಾಯಿಬಿಟ್ಟಾಗ ಆಗುವ ಆಳವಾದ ಬಿರುಕುಗಳು ಅದಕ್ಕೆ ಸಿದ್ಧ ಮನೆಗಳು. ಎರೆಮಣ್ಣಿನ ಜೇಡಿಯು ನೀರು ಕುಡಿದು ಉಬ್ಬುವ, ಒಣಗಿದಾಗ ಕುಗ್ಗುವ ಗುಣವುಳ್ಳದ್ದು ಎಂಬುದು ಎರೆಭಾಗದ ರೈತರಿಗೆಲ್ಲ ತಿಳಿದ ಸಂಗತಿ. ಮುಂಗಾರಿನ ಮೊದಲ ಜೋರು ಮಳೆಗೆ ಬಿರುಕುಗಳು ಮುಚ್ಚಿಕೊಂಡು ಪ್ರತಿ ವರ್ಷವೂ ಈ ಇಲಿಗಳು ಅಪಾರ ಸಂಖ್ಯೆಯಲ್ಲಿ ಒಳಗೇ ಸಾಯುತ್ತಿದ್ದವು. ಅಂದರೆ ಮಳೆಯೇ ಅವುಗಳ ಲೆಕ್ಕವನ್ನು ಸರಿದೂಗಿಸುತ್ತಿತ್ತು.

1826ರಲ್ಲಿ ಈ ಲೆಕ್ಕ ತಪ್ಪಿತು. ಹಂಗಾಮಿನ ಆರಂಭದ ಮಳೆ ವಾಡಿಕೆಗಿಂತ ಕಡಿಮೆಯಾಯಿತು. ಒಂದು ಸೂಲಿಗೆ ಆರರಿಂದ ಎಂಟು ಮರಿ ಹಾಕುವ ಮೆಟ್ಟಡೆಗಳ ಸಂಖ್ಯೆ ಮಿತಿಮೀರಿ ಬೆಳೆದು ಪಿಡುಗಿನ ರೂಪ ತಾಳಿತು. ಬಿತ್ತಿದ ಬೀಜವನ್ನು ಬಿತ್ತಿದ ಕೂಡಲೇ ಅವು ತಿಂದವು. ಉಳಿದು ಬೆಳೆದ ಜೋಳ ಕಾಳುಕಟ್ಟುವ ಹೊತ್ತಿಗೆ ದಂಟನ್ನೇರಿ ತೆನೆಯನ್ನೇ ಕತ್ತರಿಸಿ ಕೆಡವಿ, ನೆಲದ ಮೇಲೆ ಕುಳಿತು ತಿಂದವು. ಇಡೀ ಹೊಲಗಳು ಹಾಳಾದುದನ್ನು ಎಲಿಯಟ್ ಸ್ವತಃ ಕಂಡರು. ರೈತರು ಕಂದಾಯ ಕಟ್ಟಲಾಗದ ಸ್ಥಿತಿಗೆ ಬಂದರು. ಕೆರೆ ತೋಡುವ, ಮಣ್ಣಿನ ಕೆಲಸದಲ್ಲಿ ನುರಿತ ವಡ್ಡರನ್ನು ರೈತರು ಇಲಿ ಹಿಡಿಯಲು ನೇಮಿಸಿಕೊಂಡರು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಧಾನ್ಯವೆಂದು ಕೂಲಿ ಗೊತ್ತುಮಾಡಲಾಯಿತು. ಸಾವಿರಾರು ಇಲಿಗಳನ್ನು ಕೊಂದರೂ ಅವುಗಳ ಸಂಖ್ಯೆಯಲ್ಲಿ ಕಣ್ಣಿಗೆ ಕಾಣುವ ಇಳಿಕೆಯೇನೂ ಆಗಲಿಲ್ಲ.

ಒಂದು ಪ್ರಾಣಿಯ ಸ್ವಭಾವ, ಮಣ್ಣಿನ ಗುಣ, ಮಳೆಯ ಕಾಲ, ಕೂಲಿಯ ದರ ಮತ್ತು ಸರ್ಕಾರದ ಬಾಕಿ ಇವೆಲ್ಲವನ್ನೂ ಒಂದೇ ಕಂಡಿಕೆಯಲ್ಲಿ ಜೋಡಿಸಿರುವುದು ಈ ವಿವರದ ಮಹತ್ವ. ಬೆಳೆ ಇಲ್ಲವೆಂದು ಹೇಳುವ ರೈತನು ಕಂದಾಯ ತಪ್ಪಿಸುತ್ತಿದ್ದಾನೆ ಎಂದು ಭಾವಿಸುವುದು ಆ ಕಾಲದ ಕಛೇರಿಗಳಲ್ಲಿ ಸುಲಭವಾಗಿತ್ತು. ಹೊಲಕ್ಕೆ ಹೋಗಿ ನೋಡಿದ ಅಧಿಕಾರಿಯು ಬಾಕಿಯ ಕಾರಣವನ್ನು ಜೋಳದ ದಂಟಿನ ಮೇಲೆ ಕಂಡುಕೊಂಡರು. ಈ ಭಾಗದ ಇಲಿಹಾನಿಯ ಕುರಿತ ಹಳೆಯ ಲಿಖಿತ ದಾಖಲೆಗಳಲ್ಲಿ ಇದೂ ಒಂದಾಗಿದ್ದು, ಮುಂದಿನ ಪ್ರಾಣಿಶಾಸ್ತ್ರ ಗ್ರಂಥಗಳಲ್ಲಿ ಇದನ್ನು ಮತ್ತೆ ಮತ್ತೆ ಬಳಸಿಕೊಳ್ಳಲಾಗಿದೆ.

ಪ್ರವಾಸದ ವೇಳೆ ದೇವಾಲಯಗಳ ಬಳಿ ನಿಂತ ಕಲ್ಲುಬರಹಗಳೂ ಅವರ ಗಮನ ಸೆಳೆದವು. ಅಣ್ಣಿಗೇರಿಯು ಕಲ್ಯಾಣದ ಚಾಲುಕ್ಯರ ಕೊನೆಯ ಕಾಲದಲ್ಲಿ ರಾಜಧಾನಿಯಾಗಿದ್ದ ಊರು, ಅಮೃತೇಶ್ವರ ದೇವಾಲಯವಿರುವ ಊರು. ಆದರೆ ಎಲಿಯಟ್ ಬಂದ ಕಾಲದಲ್ಲಿ ಚಾಲುಕ್ಯರ ವಂಶಾವಳಿಯೇ ವಿದ್ವಾಂಸರಿಗೆ ಸ್ಪಷ್ಟವಿರಲಿಲ್ಲ. ಅವರು ನಕಲುಗಾರರನ್ನಿಟ್ಟುಕೊಂಡು ಕನ್ನಡ ನಾಡಿನ 595 ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದರು. ಅವುಗಳ ಆಧಾರದ ಮೇಲೆ ಬರೆದ ಅವರ ಲೇಖನವು 1837ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಗೊಂಡು ಚಾಲುಕ್ಯ ಇತಿಹಾಸಕ್ಕೆ ಅಡಿಪಾಯವಾಯಿತು. ಕೈಬರಹದ ಪ್ರತಿಗಳಾದ್ದರಿಂದ ದೋಷಗಳಿಗೆ ಅವಕಾಶವಿತ್ತು. ಆದರೂ ಮುಂದೆ ಜೆ. ಎಫ್. ಫ್ಲೀಟ್ ಅವರಂತಹ ಶಾಸನತಜ್ಞರು ಈ ಸಂಗ್ರಹವನ್ನು ವ್ಯಾಪಕವಾಗಿ ಬಳಸಿಕೊಂಡರು.

1833ರಲ್ಲಿ ಎಲಿಯಟ್ ಧಾರವಾಡವನ್ನು ಬಿಟ್ಟು ಸ್ವದೇಶಕ್ಕೆ ತೆರಳಿದರು. ಮರಳಿ ಬಂದ ಮೇಲೆ ಮದರಾಸಿನ ಗವರ್ನರ್ ಆಗಿದ್ದ ತಮ್ಮ ಸಂಬಂಧಿ ಲಾರ್ಡ್ ಎಲ್ಫಿನ್‌ಸ್ಟನ್ ಅವರ ಆಪ್ತ ಕಾರ್ಯದರ್ಶಿಯಾಗಿಯೂ, ತದನಂತರ ಕಂದಾಯ ಮಂಡಳಿಯಲ್ಲಿಯೂ ಸೇವೆ ಸಲ್ಲಿಸಿದರು.

1845ರಲ್ಲಿ ಅವರಿಗೆ ಕಠಿಣವಾದ ಕೆಲಸವೊಂದು ಬಂದಿತು. ಪೂರ್ವ ಕರಾವಳಿಯ ಗುಂಟೂರು ಜಿಲ್ಲೆ 1832–33ರ ಕ್ಷಾಮದಲ್ಲಿ ನುಚ್ಚುನೂರಾಗಿತ್ತು. ಐದು ಲಕ್ಷ ಜನರ ಪೈಕಿ ಸುಮಾರು ಎರಡು ಲಕ್ಷ ಜನ ಸತ್ತರೆಂದು ಅಂದಾಜಿಸಲಾಗಿದೆ. ಹನ್ನೆರಡು ವರ್ಷ ಕಳೆದರೂ ಜಿಲ್ಲೆಯ ಕಂದಾಯ ಚೇತರಿಸಿಕೊಂಡಿರಲಿಲ್ಲ. ಕಾರಣ ತಿಳಿಯಲು ಎಲಿಯಟ್ ಅವರನ್ನು ಕಳುಹಿಸಲಾಯಿತು. ಅವರು 1846ರಲ್ಲಿ ಸಲ್ಲಿಸಿದ ವರದಿಯು ಕ್ಷಾಮವೊಂದನ್ನೇ ಹೊಣೆಮಾಡಿ ಕೈತೊಳೆದುಕೊಳ್ಳಲಿಲ್ಲ. ಸಾಲದಲ್ಲಿ ಮುಳುಗಿದ ಜಮೀನ್ದಾರಿಗಳು, ಜಿಲ್ಲಾ ಕಛೇರಿಯ ಸಿಬ್ಬಂದಿ ಮತ್ತು ಗ್ರಾಮ ಲೆಕ್ಕಿಗರ ಒಳಸಂಚು, ಮುಚ್ಚಿಟ್ಟ ಲೆಕ್ಕಪತ್ರಗಳು, ಕೊನೆಗೆ ಎಲ್ಲ ಭಾರವೂ ಬಂದು ಬೀಳುತ್ತಿದ್ದ ಸಾಗುವಳಿದಾರ ಇವನ್ನೆಲ್ಲ ಅವರು ಬಯಲಿಗೆ ತಂದರು. ಕಾಗದದ ಮೇಲಿನ ಲೆಕ್ಕಕ್ಕೂ ಹೊಲದ ಸ್ಥಿತಿಗೂ ಇರುವ ಅಂತರವನ್ನು ಧಾರವಾಡದ ದಿನಗಳಿಂದಲೇ ಬಲ್ಲವರಿಗೆ ಈ ತನಿಖೆ ಹೊಸತಾಗಿರಲಿಲ್ಲ.

ವರದಿಯ ತರುವಾಯ ಅವರನ್ನು ಉತ್ತರ ಸರ್ಕಾರುಗಳೆಂದು ಹೆಸರಾದ ಕರಾವಳಿ ಜಿಲ್ಲೆಗಳ ಕಮಿಷನರ್ ಆಗಿ ನೇಮಿಸಲಾಯಿತು. 1854ರವರೆಗೆ ಆ ಹುದ್ದೆಯಲ್ಲಿದ್ದರು. ಅದು ಕರಾವಳಿ ಬದಲಾಗುತ್ತಿದ್ದ ಕಾಲ. ಗೋದಾವರಿಗೆ ಧವಳೇಶ್ವರದಲ್ಲಿ ಅಣೆಕಟ್ಟು 1852ರ ವೇಳೆಗೆ ಪೂರ್ಣಗೊಂಡಿತು. ಕೃಷ್ಣಾ ನದಿಗೆ ವಿಜಯವಾಡದಲ್ಲಿ ಅದೇ ವರ್ಷ ಆರಂಭವಾದ ಕಾಮಗಾರಿ 1855ರಲ್ಲಿ ಮುಗಿಯಿತು. ಬರಪೀಡಿತ ಕರಾವಳಿಯು ಭತ್ತದ ಕಣಜವಾಗಲು ಇವೇ ಕಾರಣ. ನವಲಗುಂದದ ಕಡೆಯಿಂದ ಹರಿದು ಮಲಪ್ರಭೆಯನ್ನು ಸೇರುವ ಬೆಣ್ಣೆಹಳ್ಳದ ನೀರೂ ಕೃಷ್ಣೆಯ ಮೂಲಕ ಅದೇ ಕರಾವಳಿಗೆ ಹೋಗಿ ಸೇರುತ್ತದೆ ಎಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು.

ಕರಾವಳಿಯಲ್ಲೂ ಅವರು ಧಾರವಾಡದ ಕ್ರಮವನ್ನೇ ಅನುಸರಿಸಿದರು. ವಿಶಾಖಪಟ್ಟಣದ ಬಳಿಯ ವಾಲ್ಟೇರಿನಲ್ಲಿ ಸಮುದ್ರಜೀವಿಗಳ ಅಧ್ಯಯನ ನಡೆಸಿ, ಬಲೆಗೆ ಬಿದ್ದ ಮೀನುಗಳ ಚಿತ್ರಗಳನ್ನು ಬರೆಯಿಸಿದರು. ಅಲ್ಲಿ ದೊರೆತ ಮಾದರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿದರು. ಅವುಗಳ ಆಧಾರದಿಂದ ರಿಚರ್ಡ್ ಓವೆನ್ ಅವರು 1866ರಲ್ಲಿ ಎರಡು ಜಲಸಸ್ತನಿಗಳನ್ನು ಮೊದಲ ಬಾರಿಗೆ ವಿಜ್ಞಾನಕ್ಕೆ ಪರಿಚಯಿಸಿದರು. ಒಂದು ಇಂದು ಐರಾವತಿ ಡಾಲ್ಫಿನ್ ಎಂದು ಕರೆಯಲಾಗುವ ಜೀವಿ. ಅದರ ಮಾದರಿ 1852ರಲ್ಲಿ ವಿಶಾಖಪಟ್ಟಣದ ಬಂದರಿನಲ್ಲಿ ಸಿಕ್ಕಿತ್ತು. ಮತ್ತೊಂದು ಕುಬ್ಜ ಸ್ಪರ್ಮ್ ತಿಮಿಂಗಿಲ. 1859ರಲ್ಲಿ ಅವರು ಪ್ರಕಟಿಸಿದ ಫ್ಲೋರಾ ಆಂಧ್ರಿಕಾ ಎಂಬ ಗ್ರಂಥದಲ್ಲಿ ಸಸ್ಯಗಳ ತೆಲುಗು ಹೆಸರುಗಳಿಗೆ ಸರಿಸಮನಾದ ಶಾಸ್ತ್ರೀಯ ಹೆಸರುಗಳಿವೆ. ಔಷಧ, ಮರಮುಟ್ಟು, ಬೆಳೆ ಯಾವುದೇ ಇರಲಿ, ಜನರು ಕರೆಯುವ ಹೆಸರು ತಿಳಿಯದ ಹೊರತು ಆಡಳಿತಕ್ಕೆ ಅದರ ಪ್ರಯೋಜನವಿಲ್ಲವೆಂಬುದು ಅವರ ಕಾರ್ಯವಿಧಾನದಿಂದಲೇ ತಿಳಿದುಬರುತ್ತದೆ. ಚಾರ್ಲ್ಸ್ ಡಾರ್ವಿನ್ ಅವರ ಕೋರಿಕೆಯಂತೆ 1856ರ ಸುಮಾರಿಗೆ ಸಾಕುಪಾರಿವಾಳ ಮತ್ತು ಕೋಳಿಗಳ ಚರ್ಮಗಳನ್ನೂ ಕಳುಹಿಸಿಕೊಟ್ಟರು. ಸಾಕುಪ್ರಾಣಿಗಳ ವೈವಿಧ್ಯದ ಕುರಿತ ತಮ್ಮ 1868ರ ಗ್ರಂಥದಲ್ಲಿ ಡಾರ್ವಿನ್ ಇದನ್ನು ಸ್ಮರಿಸಿದ್ದಾರೆ.

ಎಲ್ಲ ಕೆಲಸಗಳೂ ಮೆಚ್ಚುವಂತಹವೆಂದು ಹೇಳಲಾಗದು. 1845ರಲ್ಲಿ ಅಮರಾವತಿಯ ಬೌದ್ಧ ಸ್ತೂಪದಲ್ಲಿ ಅಗೆಸಿದ ಶಿಲ್ಪಫಲಕಗಳನ್ನು ಮದರಾಸಿಗೆ ಸಾಗಿಸಲಾಯಿತು. ಅಲ್ಲಿ ಅವು ವರ್ಷಗಟ್ಟಲೆ ಬಿಸಿಲು ಮಳೆಗೆ ಬಿದ್ದಿದ್ದು, 1859ರಲ್ಲಿ ಲಂಡನ್ನಿಗೆ ಹೋದವು. ಈಗಲೂ ಅವು ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿವೆ.

1854ರಿಂದ ಮದರಾಸು ಗವರ್ನರರ ಕೌನ್ಸಿಲಿನ ಸದಸ್ಯರಾಗಿದ್ದ ಎಲಿಯಟ್ 1860ರಲ್ಲಿ ನಿವೃತ್ತರಾಗಿ ವೂಲ್ಫ್‌ಲೀಯಲ್ಲಿ ನೆಲೆಸಿದರು. 1866ರಲ್ಲಿ ಸರ್ ಪದವಿಯೂ, 1878ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ದೊರೆತವು. ಕೊನೆಯ ವರ್ಷಗಳಲ್ಲಿ ದೃಷ್ಟಿ ಬಹುತೇಕ ಹೋಗಿದ್ದರೂ ದಕ್ಷಿಣ ಭಾರತದ ನಾಣ್ಯಗಳ ಕುರಿತ ಗ್ರಂಥವನ್ನು ಪೂರ್ಣಗೊಳಿಸಿದರು. 1887ರ ಮಾರ್ಚ್ 1ರಂದು ತಮ್ಮ 84ನೇ ವಯಸ್ಸಿನಲ್ಲಿ ನಿಧನರಾದರು. ಧಾರವಾಡ ಸೀಮೆಯಲ್ಲಿ ಆರಂಭಿಸಿದ ಶಾಸನ ಸಂಗ್ರಹದ ಹಸ್ತಪ್ರತಿಗಳನ್ನು ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೂ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಗೂ ನೀಡಲಾಗಿತ್ತು.